ಲಾಳಿ ವ್ಯಾಪಾರಿಗಳು: ಫರ್ಗಾನಾ ಕಣಿವೆಯಲ್ಲಿ ಅರ್ಥವ್ಯವಸ್ಥೆ ಮಗುಚಿದ ಕಾಲ

ಬುಖಾರಾ, ತಿರ್ಮಿಝ್, ಸಮರ್‌ಕಂದ್, ಮರ್ಗೀನಾನ್. ಮದ್ರಸದ ಚಾಪೆಯ ಮೇಲೆ ಕುಳಿತು ಕಲಿತವರಿಗೆ ಈ ಹೆಸರುಗಳು ಹೊಸತಲ್ಲ. ಇಮಾಮ್ ಬುಖಾರಿ(ರ) ಮತ್ತು ಇಮಾಮ್ ತಿರ್ಮಿಝಿ(ರ)ಯವರ ಹೆಸರಿನೊಂದಿಗೇ ಅವರ ಊರೂ ನಮ್ಮ ನಾಲಗೆಗೆ ಬಂದಿದೆ. ಹನಫೀ ಫಿಕ್ಹ್‌ನ ಪ್ರಸಿದ್ಧ ಗ್ರಂಥ ‘ಹಿದಾಯಾ’ದ ಕರ್ತೃ ಬುರ್ಹಾನುದ್ದೀನ್ ಮರ್ಗೀನಾನಿ(ರ) ಫರ್ಗಾನಾ ಕಣಿವೆಯ ಮರ್ಗೀನಾನಿನವರು. ಆ ಗ್ರಂಥದಲ್ಲಿ ಕ್ರಯವಿಕ್ರಯಗಳಿಗೆ ಮೀಸಲಾದ ಅಧ್ಯಾಯವೊಂದಿದೆ. ತೂಕ, ಅಳತೆ, ಪಾಲುದಾರಿಕೆ, ಸಾಲ, ಮಧ್ಯವರ್ತಿಯ ಹೊಣೆ ಇವನ್ನೆಲ್ಲ ಎಂಟು ಶತಮಾನಗಳಿಂದ ವಿದ್ಯಾರ್ಥಿಗಳು ಓದುತ್ತಲೇ ಬಂದಿದ್ದಾರೆ. ಆದರೆ ಆ ಊರುಗಳ ಬಗೆಗಿನ ನಮ್ಮ ತಿಳಿವಳಿಕೆ ಸಾಮಾನ್ಯವಾಗಿ ಅಲ್ಲಿಗೇ ನಿಂತುಬಿಡುತ್ತದೆ. ವ್ಯಾಪಾರದ ವಿಧಿಗಳನ್ನು ಜಗತ್ತಿಗೆ ಬರೆದುಕೊಟ್ಟ ಅದೇ ನೆಲದಲ್ಲಿ, ನಮ್ಮ ಅಜ್ಜಂದಿರ ಕಾಲದಲ್ಲಿ, ಒಂದು ವಸ್ತುವನ್ನು ಕಡಿಮೆಗೆ ಕೊಂಡು ಹೆಚ್ಚಿಗೆ ಮಾರುವುದೇ ಸೆರೆಮನೆಗೆ ದಾರಿಯಾಗಿತ್ತು ಎಂಬುದನ್ನು ನಾವು ಅಷ್ಟಾಗಿ ಓದಿಲ್ಲ. ಆ ಕಾಲ ಹೇಗೆ ಬಂತು, ಹೇಗೆ ಮುಗಿಯಿತು, ಮುಗಿದ ಮೇಲೆ ಅಲ್ಲಿನ ಜನರು ಏನು ಮಾಡಿದರು ಎಂಬುದೇ ಈ ಬರಹದ ವಿಷಯ.

ಬುಖಾರಾದಲ್ಲಿ 16ನೆಯ ಶತಮಾನದ ಗುಮ್ಮಟ ಮಾರುಕಟ್ಟೆಗಳು ಈಗಲೂ ನಿಂತಿವೆ. ಒಂದರ ಹೆಸರು ತೋಕಿ ಝರ್ಗರಾನ್, ಅಂದರೆ ಅಕ್ಕಸಾಲಿಗರ ಗುಮ್ಮಟ. ಇನ್ನೊಂದು ಟೋಪಿ ಮಾರುವವರದು. ಮೂರನೆಯದು ತೋಕಿ ಸರ್ರಾಫಾನ್, ನಾಣ್ಯ ವಿನಿಮಯಗಾರರದು. ನಮ್ಮ ಊರುಗಳ ಸರಾಫಕಟ್ಟೆಯ ‘ಸರಾಫ’ನೂ ಈ ‘ಸರ್ರಾಫ’ನೂ ಒಂದೇ ಪದದ ಮಕ್ಕಳು. ಅರಬಿಯ ಆ ಪದ ಫಾರಸಿಯ ಕೈಹಿಡಿದು ಅಲ್ಲಿಗೂ ಹೋಯಿತು, ಕನ್ನಡಕ್ಕೂ ಬಂತು. ಮುಲ್ತಾನ್ ಮತ್ತು ಶಿಕಾರಪುರದ ಭಾರತೀಯ ಸಾಹುಕಾರರು ಶತಮಾನಗಳ ಕಾಲ ಬುಖಾರಾದಲ್ಲಿ ನೆಲೆಸಿ ಬಟ್ಟೆ ಮಾರಿದ್ದರು, ಸಾಲ ಕೊಟ್ಟಿದ್ದರು. ಅವರಿಗೆಂದೇ ಅಲ್ಲಿ ಸರಾಯಿಗಳಿದ್ದವು. ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಅಂಗಡಿಸಾಲುಗಳಲ್ಲಿ ಅನೇಕವು ಮಸೀದಿ ಮದ್ರಸಗಳಿಗೆ ವಕ್ಫ್ ಆಗಿದ್ದವು. ಅಂಗಡಿಯ ಬಾಡಿಗೆಯಿಂದ ಮುದರ್ರಿಸರಿಗೆ ಸಂಬಳ, ವಿದ್ಯಾರ್ಥಿಗಳಿಗೆ ಊಟ. ಬಜಾರು ಮತ್ತು ಮದ್ರಸ ಒಂದೇ ಕೊಳದ ನೀರು ಕುಡಿದು ಬೆಳೆದವು. ಆದ್ದರಿಂದಲೇ ಒಂದನ್ನು ಮುಚ್ಚಿದಾಗ ಇನ್ನೊಂದು ಉಳಿಯಲಿಲ್ಲ.

ರಷ್ಯದ ಸೇನೆ 1865ರಲ್ಲಿ ತಾಷ್ಕೆಂಟನ್ನು ಹಿಡಿಯಿತು, 1876ರಲ್ಲಿ ಕೋಕಂದದ ಖಾನರ ರಾಜ್ಯವನ್ನು ತನ್ನೊಳಗೆ ಸೇರಿಸಿಕೊಂಡಿತು. ಚಕ್ರವರ್ತಿಯ ಆಡಳಿತಕ್ಕೆ ಬೇಕಾಗಿದ್ದುದು ಹತ್ತಿ. ಆದರೂ ಬಜಾರನ್ನು ಅದು ಮುಟ್ಟಲಿಲ್ಲ. 1917ರ ಕ್ರಾಂತಿಯ ನಂತರವೂ, ಲೆನಿನ್ 1921ರಲ್ಲಿ ತಂದ ಹೊಸ ಆರ್ಥಿಕ ನೀತಿಯ ಕೆಲವು ವರ್ಷ ಚಿಕ್ಕ ವ್ಯಾಪಾರಿಗೆ ಉಸಿರಾಡಲು ಎಡೆಯಿತ್ತು. 1920ರ ದಶಕ ಮುಗಿಯುವುದರೊಳಗೆ ಅದೂ ಮುಗಿಯಿತು. ವಕ್ಫ್ ಸೊತ್ತುಗಳು ಸರ್ಕಾರದ ಪಾಲಾದವು, ಹೊಲಗಳು ಸಾಮೂಹಿಕ ಕೃಷಿಕ್ಷೇತ್ರಗಳಾದವು, ನೇಕಾರರನ್ನು ಸಹಕಾರಿ ಸಂಘಗಳಲ್ಲಿ ಮತ್ತು ಕಾರ್ಖಾನೆಗಳಲ್ಲಿ ಕೂಡಿಸಲಾಯಿತು. ಮದ್ರಸಗಳು ಮುಚ್ಚಿದವು, ಎರಡನೆಯ ಮಹಾಯುದ್ಧದ ನಂತರ ಬುಖಾರಾದ ಮೀರ್ ಅರಬ್ ಮದ್ರಸಕ್ಕೆ ಮತ್ತೆ ಬಾಗಿಲು ತೆರೆಯಲು ಅನುಮತಿ ಸಿಕ್ಕಿತು. ಲಾಭಕ್ಕಾಗಿ ಕೊಂಡು ಮಾರುವುದಕ್ಕೆ ಸೋವಿಯತ್ ದಂಡಸಂಹಿತೆಯಲ್ಲಿ ‘ಸ್ಪೆಕುಲ್ಯಾತ್ಸಿಯಾ’ ಎಂಬ ಹೆಸರು ಬಿತ್ತು. ಅದು ಜೈಲುಶಿಕ್ಷೆಯ ಅಪರಾಧ. ‘ತಾಜಿರ್’ ಎಂದು ಗೌರವದಿಂದ ಕರೆಯಲ್ಪಡುತ್ತಿದ್ದವನು ‘ಸ್ಪೆಕುಲಾಂತ್’ ಆದನು.

ಉಝ್ಬೆಕಿಸ್ತಾನದ ಪಾಲಿಗೆ ಬಂದ ಕೆಲಸ ಒಂದೇ, ಹತ್ತಿ ಬೆಳೆಯುವುದು. ಇಡೀ ಸೋವಿಯತ್ ಒಕ್ಕೂಟದ ಹತ್ತಿಯಲ್ಲಿ ಸುಮಾರು ಮೂರರಲ್ಲೆರಡು ಭಾಗ ಅಲ್ಲಿಂದಲೇ ಹೋಗುತ್ತಿತ್ತು. ನೂಲು ತೆಗೆದು ಬಟ್ಟೆ ನೇಯುವ ಗಿರಣಿಗಳಲ್ಲಿ ಹೆಚ್ಚಿನವು ರಷ್ಯದ ಇವಾನೊವೊದಂಥ ಪಟ್ಟಣಗಳಲ್ಲಿದ್ದವು. ಬೆಳೆದವನಿಗೂ ನೇಯುವವನಿಗೂ ನಡುವೆ ಸಾವಿರಾರು ಕಿಲೋಮೀಟರುಗಳ ದೂರ, ಮತ್ತು ಮಾಸ್ಕೋದ ಒಂದು ಮೇಜು. ಆ ಹತ್ತಿಗೆ ನೀರುಣಿಸಲು ಅಮೂ ದರ್ಯಾ, ಸಿರ್ ದರ್ಯಾಗಳನ್ನು ತಿರುಗಿಸಿದುದರ ಫಲವಾಗಿ ಅರಲ್ ಸಮುದ್ರ ಬತ್ತಿತು. ಆ ಕಥೆ ಬೇರೆಯೇ ಬರಹವನ್ನು ಬೇಡುತ್ತದೆ.

ಇಂಥ ವ್ಯವಸ್ಥೆಯಲ್ಲಿ ಜನರ ಉದ್ಯಮಬುದ್ಧಿ ಸತ್ತುಹೋಗುತ್ತದೆಯೆ? ಸಾಮಾನ್ಯವಾಗಿ ಹಾಗೆಂದೇ ಹೇಳುವುದುಂಟು. ನಮಗೆ ಅದು ಸರಿಯೆನಿಸುವುದಿಲ್ಲ. ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೋಷ್ ಕೊರ್ನೈ ಈ ಬಗೆಯ ಅರ್ಥವ್ಯವಸ್ಥೆಗೆ ‘ಕೊರತೆಯ ಅರ್ಥವ್ಯವಸ್ಥೆ’ ಎಂದು ಹೆಸರಿಟ್ಟರು. ಅಲ್ಲಿ ಮಾರುವವನಿಗೆ ಗಿರಾಕಿಯನ್ನು ಹುಡುಕುವ ಕಷ್ಟವಿಲ್ಲ. ಕೊಳ್ಳುವವನಿಗೆ ವಸ್ತುವನ್ನು ಹುಡುಕುವ ಕಷ್ಟ. ಹಾಗಾಗಿ ಚುರುಕು ಬುದ್ಧಿಯೆಲ್ಲ ವಸ್ತು ಎಲ್ಲಿದೆ, ಯಾರ ಕೈಯಲ್ಲಿದೆ, ಯಾರಿಗೆ ಯಾರು ಪರಿಚಯ ಎಂಬುದನ್ನು ಪತ್ತೆಹಚ್ಚುವುದರಲ್ಲೇ ಖರ್ಚಾಗುತ್ತದೆ. 1983ರಲ್ಲಿ ಉಝ್ಬೆಕಿಸ್ತಾನದ ಪಕ್ಷದ ಮುಖ್ಯಸ್ಥ ಶರಾಫ್ ರಶೀದೋವ್ ನಿಧನರಾದರು. ಮುಂದಿನ ವರ್ಷಗಳಲ್ಲಿ ಬಯಲಿಗೆ ಬಂದ ‘ಹತ್ತಿ ಪ್ರಕರಣ’ ಇದಕ್ಕೆ ದೊಡ್ಡ ಸಾಕ್ಷಿ. ಬೆಳೆಯದ ಹತ್ತಿಯನ್ನು ಬೆಳೆದೆವೆಂದು ಕಾಗದದಲ್ಲಿ ತೋರಿಸಿ ವರ್ಷವರ್ಷವೂ ಮಾಸ್ಕೋದಿಂದ ಹಣ ಪಡೆಯಲಾಗಿತ್ತು. ಹೊಲದಿಂದ ಜಿನ್ನಿಂಗ್ ಕಾರ್ಖಾನೆಗೆ, ಕಾರ್ಖಾನೆಯಿಂದ ರೈಲಿಗೆ, ರೈಲಿನಿಂದ ಗಿರಣಿಗೆ ಇಲ್ಲದ ಹತ್ತಿಯನ್ನು ಸಾಗಿಸುವುದಕ್ಕೆ ಸಾಮಾನ್ಯ ಸಾಮರ್ಥ್ಯ ಸಾಲದು. ಅದಕ್ಕೆ ಸಂಘಟನೆ ಬೇಕು, ಧೈರ್ಯ ಬೇಕು, ಜನರ ಮೇಲೆ ನಂಬಿಕೆ ಬೇಕು. ಒಬ್ಬ ಒಳ್ಳೆಯ ಉದ್ಯಮಿಗೆ ಬೇಕಾದ ಗುಣಗಳೂ ಇವೇ. ಅಮೆರಿಕದ ವಿಲಿಯಂ ಬೌಮೋಲ್ 1990ರ ತಮ್ಮ ಪ್ರಬಂಧದಲ್ಲಿ ವಾದಿಸಿದ್ದು ಇದನ್ನೇ: ಉದ್ಯಮಶೀಲರು ಎಲ್ಲ ಸಮಾಜಗಳಲ್ಲೂ ಇರುತ್ತಾರೆ, ಅವರು ಉತ್ಪಾದನೆಗೆ ಕೈಹಚ್ಚುತ್ತಾರೋ ಕಬಳಿಕೆಗೆ ಕೈಹಚ್ಚುತ್ತಾರೋ ಎಂಬುದನ್ನು ಆಟದ ನಿಯಮಗಳು ನಿರ್ಧರಿಸುತ್ತವೆ.

ಗೋರ್ಬಚೇವರ ಕಾಲದಲ್ಲಿ ನಿಯಮಗಳು ಸಡಿಲವಾಗತೊಡಗಿದವು. 1987ರ ಮೇ ತಿಂಗಳಿನಿಂದ ವ್ಯಕ್ತಿಗತ ದುಡಿಮೆಗೆ ಕಾನೂನಿನ ಒಪ್ಪಿಗೆ ದೊರೆಯಿತು, 1988ರಲ್ಲಿ ಸಹಕಾರಿ ಸಂಸ್ಥೆಗಳ ಕಾಯಿದೆ ಬಂತು. ಬಳಿಕ 1991ರಲ್ಲಿ ಒಕ್ಕೂಟವೇ ಕಳಚಿಬಿತ್ತು. ಅದೇ ವರ್ಷ ನಮ್ಮ ದೇಶದಲ್ಲೂ ಲೈಸೆನ್ಸ್ ರಾಜ್ಯದ ಕಟ್ಟುಗಳು ಸಡಿಲಗೊಂಡವು. ಆದರೆ ಇವೆರಡನ್ನೂ ಸಮಾನವೆಂದು ಎಣಿಸಬಾರದು. ನಮ್ಮಲ್ಲಿ ಪರವಾನಗಿಯ ಕಾಟವಿತ್ತು, ಆದರೆ ಕಿರಾಣಿ ಅಂಗಡಿಯೂ ಇತ್ತು, ಅಡತಿ ಮಂಡಿಯೂ ಇತ್ತು, ತಂದೆಯಿಂದ ಮಗನಿಗೆ ಬಂದ ಲೆಕ್ಕದ ಪುಸ್ತಕವೂ ಇತ್ತು. ಅಲ್ಲಿ ಎರಡು ಮೂರು ತಲೆಮಾರುಗಳ ಕಾಲ ಅದ್ಯಾವುದೂ ಇರಲಿಲ್ಲ. ಕಂಪೆನಿ ಕಾನೂನಿಲ್ಲ, ಸಾಲ ಕೊಡುವ ಬ್ಯಾಂಕಿಲ್ಲ, ಸ್ವಂತ ನಾಣ್ಯವೂ ಇಲ್ಲ. ರಷ್ಯ 1992ರ ಜನವರಿ 2ರಂದು ಬೆಲೆಗಳ ಮೇಲಿನ ಹಿಡಿತವನ್ನು ಬಿಟ್ಟಾಗ ಅದೇ ರೂಬಲನ್ನು ಬಳಸುತ್ತಿದ್ದ ಈ ನಾಡುಗಳಲ್ಲೂ ಜನರ ಉಳಿತಾಯ ಕೆಲವೇ ತಿಂಗಳಲ್ಲಿ ಕರಗಿಹೋಯಿತು.

ಇಲ್ಲಿಂದ ಮುಂದೆ ಫರ್ಗಾನಾ ಕಣಿವೆ ನಮಗೆ ವಿಶೇಷ ಪಾಠವಾಗಿ ಒದಗುತ್ತದೆ. ಒಂದೇ ಕಣಿವೆ, ಒಂದೇ ದೀನ್, ಒಂದೇ ಸೋವಿಯತ್ ಗತಕಾಲ; ಆದರೆ ಗಡಿರೇಖೆ ಅದನ್ನು ಉಝ್ಬೆಕಿಸ್ತಾನ, ಕಿರ್ಗಿಝ್‌ಸ್ತಾನ, ತಜಿಕಿಸ್ತಾನಗಳಿಗೆ ಹಂಚಿತ್ತು. ಸ್ವಾತಂತ್ರ್ಯದ ನಂತರ ಕಿರ್ಗಿಝ್‌ಸ್ತಾನ ಬಾಗಿಲನ್ನು ಪೂರ್ತಿ ತೆರೆಯಿತು. ಉಝ್ಬೆಕಿಸ್ತಾನ ಅರ್ಧ ತೆರೆದು, ಮತ್ತೆ ಎಳೆದುಕೊಂಡಿತು.

ಬಾಗಿಲು ತೆರೆದವರು ಮೊದಲು ಅನುಭವಿಸಿದ್ದು ಸುಖವನ್ನಲ್ಲ. 1995ರ ಹೊತ್ತಿಗೆ ಕಿರ್ಗಿಝ್‌ಸ್ತಾನದ ರಾಷ್ಟ್ರೀಯ ಉತ್ಪನ್ನ 1990ರ ಮಟ್ಟದ ಅರ್ಧದ ಆಸುಪಾಸಿಗೆ ಕುಸಿದಿತ್ತು. ಮಾಸ್ಕೋದ ಆದೇಶಕ್ಕಾಗಿ ದುಡಿಯುತ್ತಿದ್ದ ಕಾರ್ಖಾನೆಗಳು ಸ್ತಬ್ಧವಾದವು. ಸೋವಿಯತ್ ಕಾಲದ ಕೊನೆಗೆ ಸುಮಾರು ಒಂದು ಕೋಟಿಯಿದ್ದ ಕುರಿಗಳ ಸಂಖ್ಯೆ ದಶಕದೊಳಗೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಹಿಟ್ಟಿಗೂ ಬಟ್ಟೆಗೂ ಜನ ಕುರಿಗಳನ್ನೇ ಕೊಟ್ಟರು, ಇಲ್ಲವೆ ಕೊಯ್ದು ತಿಂದರು. ಆಗ ಶಾಲೆಯ ಉಪಾಧ್ಯಾಯಿನಿ, ಆಸ್ಪತ್ರೆಯ ದಾದಿ, ಕಾರ್ಖಾನೆಯ ಇಂಜಿನಿಯರ್ ಎಲ್ಲರೂ ದೊಡ್ಡ ಚೌಕುಳಿ ಚೀಲಗಳನ್ನು ಹೊತ್ತು ಚೀನಾದ ಉರುಮ್ಚಿಗೆ, ತುರ್ಕಿಯ ಇಸ್ತಾಂಬುಲ್‌ಗೆ, ದುಬೈಗೆ, ನಮ್ಮ ದಿಲ್ಲಿಗೂ ಹೊರಟರು. ತಂದ ಬಟ್ಟೆಬರೆಗಳನ್ನು ಊರ ಬಜಾರಿನಲ್ಲಿ ಮಾರಿ ಮತ್ತೆ ಹೊರಟರು. ಇವರನ್ನು ರಷ್ಯನ್ ಭಾಷೆಯಲ್ಲಿ ‘ಚೆಲ್ನೋಕಿ’ ಎಂದರು. ಚೆಲ್ನೋಕ್ ಎಂದರೆ ಮಗ್ಗದ ಲಾಳಿ. ಅತ್ತಿಂದಿತ್ತ, ಇತ್ತಿಂದತ್ತ ಓಡುತ್ತ ಹರಿದ ಬದುಕನ್ನು ನೇಯ್ದವರು ಅವರು. ಅವರಲ್ಲಿ ಹೆಂಗಸರೇ ಬಹುಸಂಖ್ಯೆಯಲ್ಲಿದ್ದರೆಂಬುದನ್ನು ಮರೆಯಬಾರದು.

ರಾಜಧಾನಿ ಬಿಷ್ಕೇಕಿನ ಅಂಚಿನಲ್ಲಿ ಹೀಗೆ ಬೆಳೆದುದೇ ದೋರ್ದೋಯ್ ಬಜಾರು. ಹಡಗಿನ ಕಬ್ಬಿಣದ ಕಂಟೇನರುಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಊರು ಅದು. ಕೆಳಗಿನದು ಅಂಗಡಿ, ಮೇಲಿನದು ಉಗ್ರಾಣ. ಸಮುದ್ರವನ್ನೇ ಕಾಣದ ದೇಶದಲ್ಲಿ ಇಂಥ ಸಾವಿರಾರು ಪೆಟ್ಟಿಗೆಗಳ ಸಾಲುಗಳಿವೆ. ಸರ್ಕಾರ ಎರಡು ಸರಳ ನಿಯಮಗಳನ್ನು ಮಾಡಿತು. ಚಿಕ್ಕ ವ್ಯಾಪಾರಿ ತರುವ ಸರಕಿಗೆ ವಸ್ತುವಾರು ಸುಂಕದ ಬದಲು ತೂಕದ ಲೆಕ್ಕದ ಸುಂಕ. ಆದಾಯದ ಲೆಕ್ಕಪತ್ರದ ಬದಲು ‘ಪೇಟೆಂಟ್’ ಎಂಬ ನಿಗದಿತ ಶುಲ್ಕ. 1998ರ ಡಿಸೆಂಬರಿನಲ್ಲಿ ವಿಶ್ವ ವ್ಯಾಪಾರ ಸಂಘಟನೆಗೆ ಸೇರಿದಾಗ, ಹಿಂದಿನ ಸೋವಿಯತ್ ನಾಡುಗಳ ಪೈಕಿ ಕಿರ್ಗಿಝ್‌ಸ್ತಾನವೇ ಮೊದಲನೆಯದಾಗಿತ್ತು. ಚೀನಾದ ಸರಕು ಅಲ್ಲಿಂದ ಕಝಾಕಿಸ್ತಾನಕ್ಕೂ ರಷ್ಯಕ್ಕೂ ಹರಿಯಿತು. ಬಜಾರಿಗೆ ಬರುತ್ತಿದ್ದ ಬಟ್ಟೆಯ ಥಾನುಗಳನ್ನು ಕಂಡು ಬಿಷ್ಕೇಕಿನ ಮನೆಮನೆಗಳಲ್ಲಿ ಹೊಲಿಗೆ ಯಂತ್ರಗಳು ಸದ್ದುಮಾಡತೊಡಗಿದವು. ತಂದು ಮಾರುವ ವ್ಯಾಪಾರವಾಗಿದ್ದುದು ಮಾಡಿ ಮಾರುವ ಉದ್ಯಮವಾಯಿತು. ನಮ್ಮ ದೃಷ್ಟಿಯಲ್ಲಿ ಇದು ಈ ಇತಿಹಾಸದ ಅತ್ಯಂತ ಮೌಲಿಕ ಘಟ್ಟ. ಯಾವ ಯೋಜನಾ ಮಂಡಳಿಯೂ ಇದನ್ನು ಬರೆದಿರಲಿಲ್ಲ.

ಉಝ್ಬೆಕಿಸ್ತಾನದ ದಾರಿ ಬೇರೆ. ಅಧ್ಯಕ್ಷ ಇಸ್ಲಾಂ ಕರೀಮೋವ್ ಹತ್ತಿಯನ್ನೂ ಚಿನ್ನವನ್ನೂ ಸರ್ಕಾರದ ಕೈಯಲ್ಲೇ ಇಟ್ಟುಕೊಂಡರು, ದೊಡ್ಡ ಕಾರ್ಖಾನೆಗಳನ್ನು ನಡೆಸಿಕೊಂಡು ಹೋದರು. ಹಾಗಾಗಿ 1990ರ ದಶಕದ ಮೊದಲರ್ಧದಲ್ಲಿ ಅಲ್ಲಿನ ಉತ್ಪನ್ನ ಐದರಲ್ಲೊಂದು ಪಾಲಿನಷ್ಟು ಮಾತ್ರ ಇಳಿಯಿತು. ಹಿಂದಿನ ಸೋವಿಯತ್ ನಾಡುಗಳಲ್ಲೇ ಅದು ಅತ್ಯಂತ ಕಡಿಮೆ ಕುಸಿತ. ಅರ್ಥಶಾಸ್ತ್ರಜ್ಞರು ಇದನ್ನು ‘ಉಝ್ಬೆಕ್ ಒಗಟು’ ಎಂದು ಕರೆದರು. ಜನ ಹಸಿಯಲಿಲ್ಲವೆಂಬುದು ಸಣ್ಣ ಮಾತಲ್ಲ, ಕರೀಮೋವರ ಟೀಕಾಕಾರರೂ ಇದನ್ನು ಒಪ್ಪಬೇಕು. ಆದರೆ ಇದರ ಬೆಲೆಯನ್ನು ಮುಂದೆ ತೆರಬೇಕಾಯಿತು. 1996ರ ಕೊನೆಗೆ ವಿದೇಶಿ ವಿನಿಮಯದ ಮೇಲೆ ಬಿಗಿ ನಿಯಂತ್ರಣ ಬಂತು. ಡಾಲರಿಗೆ ಸರ್ಕಾರಿ ದರವೊಂದು, ಬೀದಿಯ ದರವೊಂದು ಆಯಿತು.

ಎರಡು ದರಗಳಿದ್ದರೆ ಏನಾಗುತ್ತದೆಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ಈ ವ್ಯವಸ್ಥೆಯ ಕೊನೆಯ ದಿನಗಳಲ್ಲಿ, 2017ರಲ್ಲಿ, ಸರ್ಕಾರಿ ದರ ಡಾಲರಿಗೆ ಸುಮಾರು 4,200 ಸೋಮ್. ಬೀದಿಯಲ್ಲಿ ಅದರ ಸುಮಾರು ಇಮ್ಮಡಿ. ಸರ್ಕಾರಿ ದರದಲ್ಲಿ ಸಾವಿರ ಡಾಲರ್ ಪಡೆಯಲು ಅನುಮತಿ ಗಿಟ್ಟಿಸಿದವನು ಸುಮಾರು 42 ಲಕ್ಷ ಸೋಮ್ ಕೊಟ್ಟು ಕೊಂಡು, ಅದನ್ನು ಹಾಗೆಯೇ ಬೀದಿಯಲ್ಲಿ ಬಿಟ್ಟರೂ ಕೊಟ್ಟ ಹಣದ ಹತ್ತಿರಹತ್ತಿರ ಎರಡರಷ್ಟು ಅವನ ಕೈಸೇರುತ್ತಿತ್ತು. ಒಂದು ಗುಂಡಿ ಹೊಲಿಯಬೇಕಾಗಿಲ್ಲ, ಒಂದು ರೊಟ್ಟಿ ಸುಡಬೇಕಾಗಿಲ್ಲ. ಹೀಗಿರುವಾಗ ಜಾಣನಾದವನು ಹೊಲಿಗೆ ಯಂತ್ರ ಕೊಳ್ಳುತ್ತಾನೆಯೋ, ಅನುಮತಿ ಕೊಡುವ ಅಧಿಕಾರಿಯ ಬಾಗಿಲು ಕಾಯುತ್ತಾನೆಯೋ? ಇತ್ತ ಬೆವರು ಸುರಿಸಿ ಸರಕು ರಫ್ತು ಮಾಡಿದವನು ತಾನು ಗಳಿಸಿದ ಡಾಲರುಗಳಲ್ಲಿ ಒಂದು ಪಾಲನ್ನು ಸರ್ಕಾರಿ ದರದಲ್ಲೇ ಒಪ್ಪಿಸಬೇಕಾಗಿತ್ತು. ಬೌಮೋಲರ ವಾದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ನಮಗೆ ತಿಳಿದಿಲ್ಲ.

ದುಡಿದೇ ತಿನ್ನಬೇಕೆಂದವರಿಗೆ ಉಳಿದ ದಾರಿ ಗಡಿಯಾಚೆಗಿನದು. ಕಿರ್ಗಿಝ್‌ಸ್ತಾನದ ಓಶ್ ನಗರದ ಬಳಿ ಕಾರಾಸೂ ಎಂಬ ಪೇಟೆಯಿದೆ. ನಡುವೆ ಹರಿಯುವ ಕಾಲುವೆಯೇ ಗಡಿ. ಆಚೆ ದಡ ಉಝ್ಬೆಕಿಸ್ತಾನದ್ದು, ಈಚೆ ದಡ ಕಿರ್ಗಿಝರದು. ಬಜಾರಿರುವುದು ಕಿರ್ಗಿಝ್ ದಡದಲ್ಲಿ. ಆಚೆಯಿಂದ ಪ್ರತಿದಿನವೂ ಸೇತುವೆ ದಾಟಿ ಬಂದು ಚೀನಾದ ಸರಕನ್ನು ಕೊಂಡುಹೋಗುವವರ ಸಂಖ್ಯೆ ದೊಡ್ಡದಿತ್ತು. 2002ರಲ್ಲಿ ಉಝ್ಬೆಕ್ ಸರ್ಕಾರ ಚಿಕ್ಕ ವ್ಯಾಪಾರಿಗಳು ತರುವ ಸರಕಿನ ಮೇಲೆ ಭಾರೀ ಸುಂಕ ಹೇರಿತು. 2003ರಲ್ಲಿ ಕಾರಾಸೂವಿನ ಸೇತುವೆಯನ್ನೇ ಕೆಡವಿಸಿತು. ಆಗ ಜನ ಹಗ್ಗ ಕಟ್ಟಿ, ಹಗ್ಗ ಹಿಡಿದು, ಟೈರುಗಳ ಮೇಲೆ ತೇಲಿ ಕಾಲುವೆ ದಾಟಿದರು. ಕೆಲವರು ನೀರುಪಾಲಾದರು. ಹೊಟ್ಟೆಪಾಡಿನ ಒಂದು ಮೂಟೆ ಬಟ್ಟೆಗಾಗಿ ಪ್ರಾಣ ತೆತ್ತವರನ್ನು ಕಳ್ಳಸಾಗಣೆದಾರರೆಂದು ಕರೆಯಲು ನಮ್ಮ ಮನಸ್ಸು ಒಪ್ಪುವುದಿಲ್ಲ. 2004ರ ನವೆಂಬರಿನಲ್ಲಿ ವ್ಯಾಪಾರಿಗಳ ಮೇಲೆ ಹೊಸ ಕಟ್ಟಳೆಗಳು ಬಂದಾಗ ಕೋಕಂದದ ಬಜಾರಿನಲ್ಲಿ ಸಾವಿರಾರು ಜನ ತಿರುಗಿಬಿದ್ದರು, ಪೊಲೀಸರ ವಾಹನಗಳಿಗೆ ಬೆಂಕಿ ಬಿತ್ತು.

ಇದಾದ ಅರ್ಧ ವರ್ಷಕ್ಕೆ ಅಂದಿಜಾನ್. ಬಾಬರ್ ಹುಟ್ಟಿದ ಊರೆಂದು ನಮ್ಮ ಪಠ್ಯಪುಸ್ತಕಗಳ ಮೂಲಕ ನಾವದನ್ನು ಬಲ್ಲೆವು. ಅಲ್ಲಿ ಇಪ್ಪತ್ಮೂರು ಜನ ಉದ್ಯಮಿಗಳನ್ನು 2004ರಲ್ಲಿ ಬಂಧಿಸಿ, 2005ರ ಫೆಬ್ರವರಿಯಿಂದ ವಿಚಾರಣೆಗೆ ಒಳಪಡಿಸಲಾಯಿತು. ಅವರು ನಡೆಸುತ್ತಿದ್ದುದು ರೊಟ್ಟಿಯ ಭಟ್ಟಿ, ಪೀಠೋಪಕರಣದ ಕಾರ್ಖಾನೆ, ಪಾದರಕ್ಷೆಯ ಕಸುಬು ಇಂಥವನ್ನು. ಬ್ಯಾಂಕಿನ ಸಾಲ ಸಿಗದ ಕಾರಣ ತಮ್ಮತಮ್ಮೊಳಗೆ ನಿಧಿಯೊಂದನ್ನು ಮಾಡಿಕೊಂಡು ಒಬ್ಬರಿಗೊಬ್ಬರು ಬಂಡವಾಳ ಒದಗಿಸುತ್ತಿದ್ದರು. ಕೆಲಸಗಾರರಿಗೆ ಸುತ್ತಲಿನವರಿಗಿಂತ ಹೆಚ್ಚಿನ ಕೂಲಿ ಕೊಡುತ್ತಿದ್ದರು. ಪರಸ್ಪರ ನಿಧಿ ಆ ನಾಡಿಗೆ ಹೊಸದೇನಲ್ಲ. ‘ಗಪ್’ ಎಂಬ ಹೆಸರಿನಲ್ಲಿ ಗೆಳೆಯರು, ನೆರೆಹೊರೆಯ ಹೆಂಗಸರು ತಿಂಗಳಿಗೊಮ್ಮೆ ಸೇರಿ, ಉಂಡು, ಸರದಿಯಂತೆ ಒಬ್ಬರಿಗೆ ಹಣ ಕೂಡಿಸಿಕೊಡುವ ರೂಢಿ ಅಲ್ಲಿದೆ, ನಮ್ಮ ಚೀಟಿಯಂತೆಯೇ. ಆದರೆ ಸರ್ಕಾರ ಈ ಉದ್ಯಮಿಗಳ ಮೇಲೆ ‘ಅಕ್ರಮಿಯಾ’ ಎಂಬ ಉಗ್ರಗಾಮಿ ಪಂಥದವರೆಂಬ ಆರೋಪ ಹೊರಿಸಿತು. ಅವರೂ ಅವರ ಕುಟುಂಬದವರೂ ಇದನ್ನು ಅಲ್ಲಗಳೆದರು. ನ್ಯಾಯಾಲಯದ ಹೊರಗೆ ವಾರಗಟ್ಟಲೆ ಜನ ಮೌನವಾಗಿ ನಿಂತರು. ಮೇ 12ರ ರಾತ್ರಿ ಕೆಲವರು ಶಸ್ತ್ರ ಹಿಡಿದು ಸೆರೆಮನೆಗೆ ನುಗ್ಗಿ ಅವರನ್ನು ಬಿಡಿಸಿದರು. ಇದು ತಪ್ಪೆಂದು ಹೇಳಲು ನಾವು ಹಿಂಜರಿಯುವುದಿಲ್ಲ. ಆದರೆ 13ರಂದು ಬಾಬರ್ ಚೌಕದಲ್ಲಿ ಸೇರಿದ್ದವರಲ್ಲಿ ಬಹುಪಾಲು ಜನರ ಕೈಯಲ್ಲಿ ಶಸ್ತ್ರವಿರಲಿಲ್ಲ. ಕೆಲಸವಿಲ್ಲ, ಬದುಕು ದುಸ್ತರ ಎಂದು ಹೇಳಿಕೊಳ್ಳಲು ಬಂದಿದ್ದ ಗಂಡಸರು, ಹೆಂಗಸರು, ಮಕ್ಕಳು ಅವರು. ಸೇನೆ ಗುಂಡು ಹಾರಿಸಿತು. ಸರ್ಕಾರ ಕೊಟ್ಟ ಮೃತರ ಲೆಕ್ಕ 187; ಮಾನವ ಹಕ್ಕುಗಳ ಸಂಘಟನೆಗಳ ಪ್ರಕಾರ ಅದಕ್ಕಿಂತ ಬಹಳ ಹೆಚ್ಚು. ಮರುದಿನ ಕಾರಾಸೂವಿನ ಜನ ಅಧಿಕಾರಿಗಳನ್ನು ಓಡಿಸಿ ಮೊದಲು ಕೈಹಾಕಿದ ಕೆಲಸವೆಂದರೆ ಕೆಡವಿದ್ದ ಸೇತುವೆಯನ್ನು ಮತ್ತೆ ಕಟ್ಟಿದ್ದು. ಈ ಒಂದು ಕೃತ್ಯ ಎಷ್ಟೋ ವರದಿಗಳಿಗಿಂತ ಹೆಚ್ಚಿನದನ್ನು ಹೇಳುತ್ತದೆಂದು ನಮಗನಿಸುತ್ತದೆ.

ಹಾಗೆಂದು ತೆರೆದ ಬಾಗಿಲಿನವರು ಎಲ್ಲವನ್ನೂ ಗೆದ್ದರೆಂದು ಬರೆದರೆ ಅದು ಇತಿಹಾಸಕ್ಕೆ ಮಾಡುವ ಅನ್ಯಾಯ. ಕಿರ್ಗಿಝ್‌ಸ್ತಾನದ ಬಜಾರು ನಿಂತಿದ್ದುದು ನೆರೆಯವರ ಸುಂಕದ ಅಂತರದ ಮೇಲೆ. 2010ರಲ್ಲಿ ರಷ್ಯ, ಕಝಾಕಿಸ್ತಾನ, ಬೆಲಾರೂಸ್‌ಗಳು ಸುಂಕದ ಒಕ್ಕೂಟ ರಚಿಸಿಕೊಂಡು ಗಡಿಯನ್ನು ಬಿಗಿಗೊಳಿಸಿದಾಗ ದೋರ್ದೋಯಿಯ ಎಷ್ಟೋ ಪೆಟ್ಟಿಗೆಗಳಿಗೆ ಬೀಗ ಬಿತ್ತು. ಅದೇ ವರ್ಷದ ಜೂನ್‌ನಲ್ಲಿ ಓಶ್‌ನಲ್ಲಿ ಕಿರ್ಗಿಝರಿಗೂ ಉಝ್ಬೆಕರಿಗೂ ನಡುವೆ ಘೋರ ಕಲಹ ನಡೆದು ನಾನೂರಕ್ಕೂ ಹೆಚ್ಚು ಜನ ಸತ್ತರು. ಅಂಗಡಿಮುಂಗಟ್ಟುಗಳು ಸುಟ್ಟು ಬೂದಿಯಾದವು. ಒಂದೇ ಕಿಬ್ಲಾದ ಕಡೆಗೆ ಮುಖಮಾಡಿ ನಮಾಝ್ ನಿರ್ವಹಿಸುವವರು ಅವರು! ವ್ಯಾಪಾರ ಸ್ವತಂತ್ರವಾದರೆ ಸಾಲದು, ಹೊತ್ತಿ ಉರಿದ ಅಂಗಡಿಯ ಯಜಮಾನನಿಗೆ ಹೋಗಿ ನಿಲ್ಲಲು ಒಂದು ನ್ಯಾಯಾಲಯವೂ ಬೇಕೆಂಬುದನ್ನು ಅಲ್ಲಿನವರು ಕಠಿಣ ರೀತಿಯಲ್ಲಿ ಕಂಡರು. 2015ರಲ್ಲಿ ಆ ದೇಶವೂ ಯುರೇಷ್ಯನ್ ಆರ್ಥಿಕ ಒಕ್ಕೂಟವನ್ನು ಸೇರಿತು. ತಂದು ಮಾರುವವರು ಸೊರಗಿದರು, ಹೊಲಿದು ಮಾರುವವರಿಗೆ ರಷ್ಯದ ಪೇಟೆ ಸುಲಭವಾಯಿತು.

ಕರೀಮೋವ್ 2016ರಲ್ಲಿ ನಿಧನರಾದರು. ಅವರ ನಂತರ ಬಂದ ಶೌಕತ್ ಮಿರ್ಝಿಯೊಯೆವ್ 2017ರ ಸೆಪ್ಟೆಂಬರ್ 5ರಂದು ಎರಡು ದರಗಳ ಪದ್ಧತಿಯನ್ನು ಕೊನೆಗಾಣಿಸಿದರು. ಒಂದೇ ದಿನದಲ್ಲಿ ಸರ್ಕಾರಿ ದರ ಡಾಲರಿಗೆ 8,100 ಸೋಮ್ ಆಯಿತು. ಅನುಮತಿಪತ್ರಗಳನ್ನೇ ಸರಕು ಮಾಡಿಕೊಂಡಿದ್ದವರ ಕಸುಬು ಅಂದಿಗೆ ಮುಗಿಯಿತು. ಅದೇ ವಾರ ಅಂದಿಜಾನಿಗೂ ಓಶ್‌ಗೂ ನಡುವಿನ ದೋಸ್ತ್‌ಲಿಕ್ ಗಡಿಠಾಣೆ ಸಾಮಾನ್ಯ ಜನರಿಗೆ ತೆರೆಯಿತು. ಹೆಸರಿನ ಅರ್ಥ ‘ಸ್ನೇಹ’. ಏಳು ವರ್ಷಗಳಿಂದ ನಂಟರ ಮದುವೆಗೂ ಜನಾಝಾಕ್ಕೂ ಹೋಗಲಾರದೆ ಕುಳಿತಿದ್ದವರು ಆಚೀಚೆ ಹರಿದಾಡಿದರು.

ಹತ್ತಿಯ ಸರದಿ ಕೊನೆಗೆ ಬಂತು. ಶಾಲೆ ಮುಚ್ಚಿಸಿ ಮಕ್ಕಳನ್ನೂ, ತರಗತಿ ಬಿಡಿಸಿ ಉಪಾಧ್ಯಾಯರನ್ನೂ ಹೊಲಕ್ಕೆ ಅಟ್ಟಿ ಹತ್ತಿ ಬಿಡಿಸುವ ಪದ್ಧತಿ ಸೋವಿಯತ್ ಕಾಲದಿಂದ ಸ್ವಾತಂತ್ರ್ಯದ ನಂತರವೂ ನಡೆದೇ ಇತ್ತು. 2020ರ ಮಾರ್ಚ್‌ನಲ್ಲಿ ಹತ್ತಿಯ ಮೇಲಿನ ಸರ್ಕಾರಿ ಖರೀದಿಯ ಹೇರಿಕೆ ರದ್ದಾಯಿತು, 2022ರಲ್ಲಿ ಅಂತರರಾಷ್ಟ್ರೀಯ ಸಂಘಟನೆಗಳು ಉಝ್ಬೆಕ್ ಹತ್ತಿಯ ಮೇಲಿನ ಬಹಿಷ್ಕಾರವನ್ನು ಹಿಂತೆಗೆದುಕೊಂಡವು. ಈಗ ಹತ್ತಿ ಬಹುಮಟ್ಟಿಗೆ ದೇಶದೊಳಗೇ ನೂಲಾಗುತ್ತಿದೆ. ಬೆಳೆಯುವುದು, ನೂಲುವುದು, ನೇಯುವುದು ಎಲ್ಲವನ್ನೂ ಒಂದೇ ಸಂಸ್ಥೆ ವಹಿಸಿಕೊಳ್ಳುವ ‘ಕ್ಲಸ್ಟರ್’ ಎಂಬ ವ್ಯವಸ್ಥೆ ಬಂದಿದೆ. ಹಿಂದೆ ರೈತ ಸರ್ಕಾರಕ್ಕೆ ಮಾತ್ರ ಮಾರಬಹುದಿತ್ತು. ಇಂದು ಅನೇಕ ಜಿಲ್ಲೆಗಳಲ್ಲಿ ಬೀಜ, ಗೊಬ್ಬರ, ಮುಂಗಡ ಎಲ್ಲವೂ ಆ ಒಂದೇ ಕ್ಲಸ್ಟರಿನಿಂದ ಬರುವುದರಿಂದ, ಬೆಳೆದ ಹತ್ತಿಯನ್ನು ಅವನು ತೂಗಿಸುವುದೂ ಅದರ ತಕ್ಕಡಿಯಲ್ಲೇ.